ಐದು ಸಾವಿರ ಕೊಟ್ಟಾಯ್ತು, ಇನ್ನೂ ಮೂವತ್ತು ಕೇಳ್ತಿದ್ದಾರೆ: ಈಗ ದೂರು ಕೊಟ್ಟರೆ ನಾನೇ ಸಿಕ್ಕಿಹಾಕಿಕೊಳ್ತೀನಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಇದ್ದೇವೆ. ಮೂವತ್ತು-ನಲವತ್ತರ ಸೈಟಿನಲ್ಲಿ ಅಪ್ಪ ಕಟ್ಟಿಸಿದ ಮನೆ. ಕಳೆದ ವರ್ಷ ಅಪ್ಪ ತೀರಿಕೊಂಡರು. ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ ಮೂರು ತಿಂಗಳಾಯ್ತು. ಹೋದಾಗಲೆಲ್ಲ ಕೇಸ್ ವರ್ಕರ್ "ಸಾಹೇಬ್ರು ಮೀಟಿಂಗಲ್ಲಿದ್ದಾರೆ", "ಸರ್ವರ್ ಡೌನ್", "ಒಂದು ಡಾಕ್ಯುಮೆಂಟ್ ಕಮ್ಮಿ ಇದೆ" ಅನ್ನುತ್ತಾರೆ. ಯಾವ ಡಾಕ್ಯುಮೆಂಟ್ ಅಂತ ಹೇಳುವುದಿಲ್ಲ. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು ಒಂದು ದಿನ ನನ್ನನ್ನು ಕರೆದು, "ಅಣ್ಣ, ಸುಮ್ನೆ ಯಾಕೆ ಅಲೀತೀರಾ, ಎಲ್ಲಾ ಸೇರಿ ಮೂವತ್ತೈದು ಆಗುತ್ತೆ, ಹದಿನೈದು ದಿನದಲ್ಲಿ ಖಾತೆ ಕೈಗೆ" ಅಂದ. ಬೇಸತ್ತು ಸೋಮವಾರ 5,000 ರೂಪಾಯಿ ಅವನ ಯುಪಿಐಗೆ ಹಾಕಿದೆ. ಈಗ ಉಳಿದ ಮೂವತ್ತು ಕೇಳುತ್ತಿದ್ದಾನೆ. ಕೊಟ್ಟ ಮೇಲೆ ನಾನೂ ಅಪರಾಧಿಯೇ ಅಲ್ವಾ? ಫೋನಿನಲ್ಲಿ ಅವನ ಮಾತು ರೆಕಾರ್ಡ್ ಆಗಿದೆ, ಅದು ನಡೆಯುತ್ತಾ? ದೂರು ಕೊಟ್ಟರೆ ಖಾತೆ ಜನ್ಮದಲ್ಲಿ ಆಗಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಲೋಕಾಯುಕ್ತದವರೂ ಅವರಂತೆಯೇ ಅಂತಾರೆ. ಅಮ್ಮನಿಗೆ 71 ವರ್ಷ, ಅವರನ್ನು ಕೋರ್ಟಿಗೆ ಅಲೆಸಲು ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಬುಧವಾರ ನನ್ನ ಕೈ ಸೇರಿತು. ಅವತ್ತೇ ಸಂಜೆ ನಿಮಗೆ ಒಂದೇ ಸಾಲು ಬರೆದಿದ್ದೆ: "ಸೋಮವಾರದಿಂದ ಏಳು ದಿನ ಎಣಿಸಿ, ಅಷ್ಟರೊಳಗೆ ಲಿಖಿತ ದೂರು ಹೋಗಬೇಕು." ಯಾಕೆ ಅಂತ ಈಗ ವಿವರವಾಗಿ ಹೇಳುತ್ತೇನೆ. ನಿಮ್ಮ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಸಿಕ್ಕಿಕೊಂಡವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮೊದಲು ನಿಮ್ಮ ದೊಡ್ಡ ಭಯ. ಲಂಚ ಕೊಟ್ಟವನೂ ಅಪರಾಧಿಯಾ? "ಕೊಟ್ಟವನಿಗೆ ಏನೂ ಆಗಲ್ಲ" ಅಂತ ಕೆಲವರು ಹೇಳುತ್ತಾರೆ. "ಕೊಟ್ಟವನೂ ತೆಗೆದುಕೊಂಡವನೂ ಒಂದೇ" ಅಂತ ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ಜುಲೈನಲ್ಲಿ ದೊಡ್ಡ ತಿದ್ದುಪಡಿ ಬಂತು. ಅದರ 8ನೇ ಸೆಕ್ಷನ್ ಪ್ರಕಾರ ಲಂಚ ಕೊಡುವುದೂ ಅಪರಾಧ. ಏಳು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಅದೇ ಸೆಕ್ಷನ್ ಎರಡು ಬಾಗಿಲು ತೆರೆದಿಟ್ಟಿದೆ. ಬೇರೆ ದಾರಿಯಿಲ್ಲದೆ ಬಲವಂತಕ್ಕೆ ಕೊಟ್ಟವನು ಕೊಟ್ಟ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನ ಮೇಲೆ ಈ ಅಪರಾಧ ನಿಲ್ಲುವುದಿಲ್ಲ. ಎರಡನೆಯದು, ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲು ಹಣ ಕೊಟ್ಟರೆ ಅದೂ ಅಪರಾಧವಲ್ಲ.

ನಿಮ್ಮ ಐದು ಸಾವಿರಕ್ಕೆ ಮೊದಲನೇ ಬಾಗಿಲು. ಅದು ಮುಂದಿನ ಸೋಮವಾರದವರೆಗೆ ತೆರೆದಿರುತ್ತದೆ. ನೀವಂತೂ ಭಾನುವಾರ ನಡುವೆ ಇದೆ ಅಂತ ನೆನಪಿಟ್ಟು, ಶುಕ್ರವಾರವೇ ಹೋಗಿಬಿಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಖು ಮತ್ತು ಸೀಲು ಹಾಕಿಸಿಕೊಳ್ಳಿ. "ಬಲವಂತ" ಅಂದರೆ ಏನು ಅಂತ ಕಾನೂನು ಬಿಡಿಸಿ ಹೇಳಿಲ್ಲ. ಹಾಗಾಗಿ ಮೂರು ತಿಂಗಳು ಯಾವ ಯಾವ ದಿನ ಹೋದಿರಿ, ಯಾರು ಏನು ಹೇಳಿ ವಾಪಸ್ ಕಳಿಸಿದರು ಅನ್ನುವುದನ್ನು ದೂರಿನಲ್ಲೇ ಬರೆಯಿರಿ. ನೀವು ದುಡ್ಡು ಹಿಡಿದುಕೊಂಡು ಹೋದವರಲ್ಲ, ಅಲೆದು ಅಲೆದು ಸೋತವರು ಅನ್ನುವುದು ಓದಿದ ತಕ್ಷಣ ಗೊತ್ತಾಗಬೇಕು.

"ಕೇಳಿದ್ದು ಅಂಗಡಿಯವನು, ಅಧಿಕಾರಿ ಬಾಯಿ ಬಿಟ್ಟಿಲ್ಲ, ಹಾಗಾದರೆ ಕೇಸೇ ಆಗಲ್ಲ" ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು. ಅದೂ ತಪ್ಪು. ಸರ್ಕಾರಿ ನೌಕರನ ಮೇಲೆ ಪ್ರಭಾವ ಬೀರಿ ಕೆಲಸ ಮಾಡಿಸುತ್ತೇನೆ ಅಂತ ಹಣ ಪಡೆಯುವವನಿಗೇ ಅಂತ 7ಎ ಸೆಕ್ಷನ್ ಇದೆ. ಮೂರರಿಂದ ಏಳು ವರ್ಷ ಜೈಲು, ನೌಕರನಿಗೆ ಇರುವಷ್ಟೇ ಶಿಕ್ಷೆ. ನೌಕರ ನೇರವಾಗಿ ತೆಗೆದುಕೊಂಡರೂ ಒಂದೇ, ಬೇರೆಯವರ ಕೈಯಿಂದ ತರಿಸಿಕೊಂಡರೂ ಒಂದೇ ಅಂತ ಕಾಯ್ದೆಯೇ ಹೇಳುತ್ತದೆ. ಕಷ್ಟ ಇರುವುದು ಅಂಗಡಿಗೂ ಆ ಟೇಬಲ್ಲಿಗೂ ನಡುವಿನ ಕೊಂಡಿಯನ್ನು ತೋರಿಸುವುದರಲ್ಲಿ. ನಿಮ್ಮ ಯುಪಿಐ ದಾಖಲೆ ಐದು ಸಾವಿರ ಹೋಯಿತು ಅಂತ ಹೇಳುತ್ತದೆ, ಯಾಕೆ ಹೋಯಿತು ಅಂತ ಹೇಳುವುದಿಲ್ಲ. "ಟೈಪಿಂಗ್ ಚಾರ್ಜು, ಅಫಿಡವಿಟ್ಟು" ಅಂತ ಅವನು ಸಲೀಸಾಗಿ ಅಂದುಬಿಡುತ್ತಾನೆ. ನಿಮ್ಮ ಫೋನಿನ ರೆಕಾರ್ಡಿಂಗ್ ಬೆಲೆಬಾಳುವುದು ಇಲ್ಲಿ.

ಆ ರೆಕಾರ್ಡಿಂಗ್ ನಡೆಯುತ್ತದೆ. ಆದರೆ ಅದನ್ನು ಕೆಡಿಸಿಕೊಳ್ಳುವುದು ಬಹಳ ಸುಲಭ. ಯಾರಿಗೂ ವಾಟ್ಸಾಪ್ ಮಾಡಬೇಡಿ. ಬೇಕಾದ ಭಾಗ ಮಾತ್ರ ಕತ್ತರಿಸಿ ಇಟ್ಟುಕೊಳ್ಳಬೇಡಿ. ಫೇಸ್‌ಬುಕ್ಕಿಗೆ ಹಾಕಿದರಂತೂ ಆ ಕಡೆಯವರಿಗೆ ನೀವೇ ಎಚ್ಚರಿಕೆ ಕೊಟ್ಟ ಹಾಗೆ. ರೆಕಾರ್ಡ್ ಆದ ಫೋನನ್ನೇ ಜೋಪಾನ ಮಾಡಿ, ರೀಸೆಟ್ ಮಾಡಬೇಡಿ, ಮಾರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ತನಿಖಾಧಿಕಾರಿ ಅದನ್ನು ಮಾಡಿಸುತ್ತಾರೆ. "ಅದು ನನ್ನ ದನಿಯೇ ಅಲ್ಲ" ಅಂತ ಅವನು ಅಂದರೆ ದನಿಯ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ಸುಪ್ರೀಂ ಕೋರ್ಟ್ 2019ರಲ್ಲೇ ಇದನ್ನು ಹೇಳಿದೆ.

ಇನ್ನು ಮುಂದೆ ಅವನ ಜೊತೆ ಮಾತಾಡುವಾಗ ಒಂದು ವಿಷಯ ಮರೆಯಬೇಡಿ. ನೀವಾಗಿ "ಎಷ್ಟು ಕೊಡಲಿ?" ಅಂತ ಕೇಳಬೇಡಿ. "ನನ್ನ ಫೈಲ್ ಯಾಕೆ ನಿಂತಿದೆ? ಯಾರ ಹತ್ತಿರ ಇದೆ?" ಅಂತ ಕೇಳಿ ಸುಮ್ಮನಾಗಿ. ಉಳಿದದ್ದನ್ನು ಅವನೇ ಹೇಳುತ್ತಾನೆ. ಹಣ ಸಿಕ್ಕರೆ ಸಾಲದು, ಹಣ ಕೇಳಿದ್ದು ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೂ 2015ರಲ್ಲೂ ಖಚಿತವಾಗಿ ಹೇಳಿದೆ. ಕೈಗೆ ಬಣ್ಣ ಹತ್ತಿದರೂ ಬಿಡುಗಡೆಯಾದ ನೌಕರರನ್ನು ನಾನೇ ನೋಡಿದ್ದೇನೆ. ಹಣ ಸಿಕ್ಕಿತ್ತು, ಕೇಳಿದ ಮಾತಿಗೆ ಸಾಕ್ಷಿ ಇರಲಿಲ್ಲ.

ಬಣ್ಣ ಅಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಟ್ರ್ಯಾಪ್, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಪೊಲೀಸರು ಹಿಡಿಯುವುದು, ಅದರ ಬಗ್ಗೆ ಜನ ಏನೇನೋ ಕಲ್ಪಿಸಿಕೊಂಡಿರುತ್ತಾರೆ.

ನೀವು ಕೊಡಬೇಕಾದ ನೋಟುಗಳನ್ನು ನೀವೇ ತರುತ್ತೀರಿ. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸಿರುತ್ತಾರೆ. ಅವರ ಮುಂದೆ ಒಂದೊಂದೇ ನೋಟಿನ ನಂಬರ್ ಓದಿ ಬರೆದುಕೊಳ್ಳುತ್ತಾರೆ. ಆಮೇಲೆ ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ನೋಡಿದರೆ ಏನೂ ಕಾಣುವುದಿಲ್ಲ, ಬಿಳಿ ಪುಡಿ. ನೋಟು ಮುಟ್ಟಿದವರ ಬೆರಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಗೆ ಹಾಕಿ ಸೀಲ್ ಮಾಡುತ್ತಾರೆ. ಇಷ್ಟಕ್ಕೂ ಮಹಜರು ಬರೆಯುತ್ತಾರೆ. ನಂತರ ನೋಟುಗಳು ನಿಮ್ಮ ಜೇಬಿಗೆ. ಒಬ್ಬ ಪಂಚ ನಿಮ್ಮ ಜೊತೆಗೇ ಬರುತ್ತಾರೆ, ನೆಂಟರ ಹಾಗೆ. ಲಂಚ ತೆಗೆದುಕೊಳ್ಳುವವನು ಬಾಯಿಬಿಟ್ಟು ಕೇಳಿದ ಮೇಲೆಯೇ ಕೊಡಬೇಕು. ಕೊಟ್ಟ ಮೇಲೆ ತಲೆ ಸವರಿಕೊಳ್ಳುವುದೋ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುವುದೋ, ಮೊದಲೇ ಹೇಳಿಕೊಟ್ಟ ಸನ್ನೆ.

ಕೆಲವು ವರ್ಷದ ಹಿಂದೆ ಟೈಲರ್ ಅಂಗಡಿ ನಡೆಸುವ ಹೆಣ್ಣುಮಗಳೊಬ್ಬರು ಲೈಸೆನ್ಸಿನ ವಿಷಯಕ್ಕೆ ನನ್ನ ಹತ್ತಿರ ಬಂದಿದ್ದರು. ದಿನವೂ ಬಟ್ಟೆ ಅಳೆಯುವ ಕೈ ಅದು. ಟ್ರ್ಯಾಪಿನ ದಿನ ನಡುಗುತ್ತಿತ್ತಂತೆ. "ಜೇಬಿಲ್ಲದ ಚೂಡಿದಾರ್ ಹಾಕ್ಕೊಂಡು ಹೋಗಿಬಿಟ್ಟಿದ್ದೆ ಮೇಡಂ, ಪರ್ಸಿನಲ್ಲಿ ಬೇರೆ ದುಡ್ಡಿನ ಜೊತೆ ಕಲೆಸಿಹೋದರೆ ಅಂತ ಅದೇ ಭಯ" ಅಂದರು. ಕೆಲಸ ಸರಿಯಾಗಿಯೇ ಆಯಿತು. ಅವರ ನಿಜವಾದ ಕಷ್ಟ ಶುರುವಾದದ್ದು ನಾಲ್ಕು ವರ್ಷದ ಮೇಲೆ, ಕೋರ್ಟಿನ ಸಮನ್ಸ್ ಬಂದಾಗ. ಆ ನೌಕರನ ಹೆಂಡತಿ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದು ಅತ್ತರು. ಪಾಟೀ ಸವಾಲಿನಲ್ಲಿ ಎದುರು ವಕೀಲರು, ನೋಟು ಬಲಗೈಯಲ್ಲಿ ಕೊಟ್ಟಿರೋ ಎಡಗೈಯಲ್ಲೋ ಅಂತ ಅರ್ಧ ಗಂಟೆ ಕೇಳಿದರು. ಅವರು ಹೇಳಿಕೆ ಬದಲಿಸಲಿಲ್ಲ. ಬದಲಿಸಿದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಬೀದಿಯಲ್ಲಿ ಬದುಕಬೇಕಾದವರು ಅವರು.

ಇದನ್ನು ನಿಮಗೆ ಮುಚ್ಚಿಡಬಾರದು. ಕಾಯ್ದೆಯಲ್ಲಿ ಎರಡು ವರ್ಷದೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಅಂತ ಇದೆ. ಪ್ರಯತ್ನ ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ. ದೂರು ಕೊಡುವ ದಿನವೇ, ಕೆಲವು ವರ್ಷದ ಮೇಲೆ ಒಂದೆರಡು ದಿನ ಸಾಕ್ಷಿಕಟ್ಟೆಯಲ್ಲಿ ನಿಲ್ಲುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಒಂದು ಸಮಾಧಾನ ಇದೆ. ದೂರುದಾರ ತೀರಿಕೊಂಡರೂ, ತಿರುಗಿಬಿದ್ದರೂ, ಉಳಿದ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ತೀರ್ಪು ಬರೆದವರು ನಮ್ಮ ಬಿ.ವಿ. ನಾಗರತ್ನ. ಇಡೀ ಭಾರ ನಿಮ್ಮೊಬ್ಬರ ಹೆಗಲ ಮೇಲಿಲ್ಲ.

ಲೋಕಾಯುಕ್ತದವರೂ ಅವರಂತೆಯೇ ಅನ್ನುವ ಮಾತಿಗೆ ಬರೋಣ. ಈ ಅನುಮಾನ ಹುಟ್ಟಿದ್ದಕ್ಕೆ ಕಾರಣ ಇದೆ. 1984ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಅಕ್ರಮ ಗಣಿಗಾರಿಕೆ ಬಗ್ಗೆ ಆಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟ 2011ರಲ್ಲಿ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ನಾಲ್ಕೇ ವರ್ಷದಲ್ಲಿ, 2015ರಲ್ಲಿ, ಲೋಕಾಯುಕ್ತದ ಹೆಸರು ಹೇಳಿ ಅಧಿಕಾರಿಗಳಿಂದ ವಸೂಲಿ ನಡೆಯುತ್ತಿದೆ ಅನ್ನುವ ಆರೋಪ ಅದೇ ಕಟ್ಟಡದ ಒಳಗಿನಿಂದ ಎದ್ದಿತು. ಆಗಿನ ಲೋಕಾಯುಕ್ತರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಅಂತ ಬೇರೆ ಮಾಡಿ, ಈ ಕೇಸುಗಳನ್ನು ಅದಕ್ಕೆ ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ, ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೇ ಮರಳಿಸಿತು. ಈ ಎಳೆದಾಟದಲ್ಲಿ ನೊಂದವರು ನಿಮ್ಮಂಥ ದೂರುದಾರರು. ಎಲ್ಲಿಗೆ ಹೋಗಬೇಕು ಅನ್ನುವುದೇ ಜನರಿಗೆ ಗೊತ್ತಿಲ್ಲದಂತೆ ಆಯಿತು. ಆದರೂ ನನ್ನ ಅನುಭವದಲ್ಲಿ, ಹಣ ಕೇಳಿದ್ದಕ್ಕೆ ದಾಖಲೆ ಇರುವ ದೂರು ಹಿಡಿದು ಹೋದವರನ್ನು ಅಲ್ಲಿ ಸುಮ್ಮನೆ ವಾಪಸ್ ಕಳಿಸಿದ್ದು ಕಡಿಮೆ.

ಅಲ್ಲಿ ಹೋದಾಗ ಎರಡು ಬಾಗಿಲು ಇವೆ ಅನ್ನುವುದು ನೆನಪಿರಲಿ. ಒಂದು ಆಡಳಿತದ ಕಡೆಯದು. ಅಲ್ಲಿ ನಿಗದಿತ ನಮೂನೆಯಲ್ಲಿ ಅಫಿಡವಿಟ್ ಸಮೇತ ದೂರು ಕೊಟ್ಟರೆ ಇಲಾಖಾ ಕ್ರಮಕ್ಕೆ ಶಿಫಾರಸು ಮಾಡುತ್ತಾರೆ. ಇನ್ನೊಂದು ಪೊಲೀಸ್ ವಿಭಾಗ, ಎಫ್‌ಐಆರ್ ಹಾಕುವವರು, ಟ್ರ್ಯಾಪ್ ಮಾಡುವವರು. ನಿಮಗೆ ಬೇಕಾದದ್ದು ಎರಡನೆಯದು. ತಪ್ಪಿ ಮೊದಲನೇ ಕಡೆ ಅರ್ಜಿ ಕೊಟ್ಟು ಬಂದು, ಏಳು ದಿನ ಕಳೆದುಹೋದವರನ್ನು ನೋಡಿದ್ದೇನೆ. ನೌಕರನನ್ನು ಮುಟ್ಟಲು ಸರ್ಕಾರದ ಅನುಮತಿ ಬೇಕು ಅಂತ ಯಾರಾದರೂ ಹೆದರಿಸಿದರೆ, ಸ್ಥಳದಲ್ಲೇ ಹಿಡಿಯುವ ಕೇಸಿಗೆ ಮೊದಲೇ ಅನುಮತಿ ಬೇಡ. ಮುಂದೆ ಕೋರ್ಟಿನಲ್ಲಿ ಕೇಸು ನಡೆಸಲು ಮಂಜೂರಾತಿ ಬೇಕು, ಅದು ಪೊಲೀಸರ ಕೆಲಸ.

ಹೋಗುವ ಮೊದಲು ಒಂದು ಸಂಜೆ ಕೂತು ನಿಮ್ಮ ಕಾಗದಗಳನ್ನು ನೀವೇ ನೋಡಿಕೊಳ್ಳಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಪ್ಪನ ಕ್ರಯಪತ್ರ, ಋಣಭಾರ ಪತ್ರ, ಕಂದಾಯ ಕಟ್ಟಿದ ರಸೀದಿ. ನಿಮಗೆ ತಂಗಿ ಅಥವಾ ಅಕ್ಕ ಇದ್ದರೆ, ಅಮ್ಮನ ಒಬ್ಬರ ಹೆಸರಿಗೇ ಆಗಲು ಎಲ್ಲರ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿದೆಯಾ? ನಡುವೆ ಒಂದು ವರ್ಷದ ಕಂದಾಯ ಬಾಕಿ ಇದೆಯಾ? "ಒಂದು ಡಾಕ್ಯುಮೆಂಟ್ ಕಮ್ಮಿ" ಅನ್ನುವ ಮಾತು ಅರ್ಧ ನಿಜವಾಗಿದ್ದರೆ ಅದೇ ಅವರ ಹಿಡಿತ. ಏನು ಕಮ್ಮಿ ಅಂತ ಹೇಳಿಬಿಟ್ಟರೆ ನೀವು ತಂದುಕೊಟ್ಟುಬಿಡುತ್ತೀರಿ, ಆಮೇಲೆ ಕೇಳಲು ಏನೂ ಉಳಿಯಲ್ಲ. ಅದಕ್ಕೇ ಹೇಳುವುದಿಲ್ಲ. ಇನ್ನೊಂದು, ಖಾತೆ ಆಗದಿದ್ದರೆ ಮನೆಯೇ ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ಬೇಡ. ಖಾತೆ ಹಕ್ಕುಪತ್ರ ಅಲ್ಲ, ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಅಪ್ಪ ಉಯಿಲು ಬರೆದಿಡದಿದ್ದರೆ ಅವರ ಹಕ್ಕು ಅವರು ತೀರಿಕೊಂಡ ದಿನವೇ ನಿಮ್ಮೆಲ್ಲರಿಗೆ ಬಂದಿದೆ. ಮಾರುವಾಗ, ಸಾಲ ತೆಗೆಯುವಾಗ ಖಾತೆ ಬೇಕೇ ಬೇಕು, ನಿಜ. ಇವತ್ತು ನೀವು ಮಾರುತ್ತಿಲ್ಲವಲ್ಲ, ಹಾಗಾಗಿ ಕಾಯುವ ಶಕ್ತಿ ನಿಮಗಿದೆ.

ಲಂಚ ಬೆಳೆಯುವುದು ಕೂಡ ಇಂಥ ಜಾಗದಲ್ಲೇ. ಇ-ಖಾತೆ ಬಂದ ಮೇಲೂ ಅರ್ಜಿಯನ್ನು ಯಾರೋ ಒಬ್ಬರು ಪರಿಶೀಲಿಸಿ ಒಪ್ಪಬೇಕು. ಆ ಒಬ್ಬರು ಇವತ್ತು ಒಪ್ಪದೆ ನಾಳೆ ಒಪ್ಪಿದರೆ ಅವರಿಗೆ ನಷ್ಟವಿಲ್ಲ, ನಿಮಗಿದೆ. ಸಕಾಲ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಲ್ಲೆಲ್ಲ ಜಾರಿಗೆ ಬಂದಾಗ ನನಗೆ ಬಹಳ ಆಸೆ ಇತ್ತು. ಸೇವೆಗೆ ದಿನ ಗೊತ್ತು ಮಾಡಿದರು, ತಡವಾದರೆ ನೌಕರನಿಂದ ಪರಿಹಾರ ಅಂದರು. ಪರಿಹಾರ ದಿನಕ್ಕೆ 20 ರೂಪಾಯಿ, ಎಷ್ಟೇ ತಡವಾದರೂ 500 ರೂಪಾಯಿಗೆ ನಿಲ್ಲುತ್ತದೆ. ಮೂವತ್ತೈದು ಸಾವಿರದ ಎದುರು ಐನೂರು ಯಾರನ್ನು ಹೆದರಿಸುತ್ತದೆ? ಮೊದಲೆಲ್ಲ ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಇರುತ್ತಿದ್ದರು, ಜಗಳವಾಡಲಿಕ್ಕಾದರೂ ಒಂದು ಮನೆ ಬಾಗಿಲಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ಬೋರ್ಡು ಬದಲಾಯಿತು. ನಿಮ್ಮ ಫೈಲ್ ಇರುವ ಟೇಬಲ್ ಅದೇ ಟೇಬಲ್.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಐದು ಸಾವಿರದ ಬಗ್ಗೆ ಏಳು ದಿನದೊಳಗೆ ದೂರು ಕೊಡುವುದು ಎಲ್ಲದಕ್ಕೂ ಮೊದಲು, ಅದರಲ್ಲಿ ಆಯ್ಕೆಯ ಮಾತಿಲ್ಲ. ಕೊಟ್ಟ ಮೇಲೆ, ಉಳಿದ ಮೂವತ್ತು ಸಾವಿರಕ್ಕೆ ಟ್ರ್ಯಾಪ್ ಮಾಡೋಣವಾ ಅಂತ ಪೊಲೀಸರು ಕೇಳುತ್ತಾರೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಒಪ್ಪದಿದ್ದರೂ ಸಮಯದೊಳಗೆ ತಿಳಿಸಿದ್ದರಿಂದ ನಿಮಗೆ ಸಿಗುವ ರಕ್ಷಣೆ ಹೋಗುವುದಿಲ್ಲ.

ಟ್ರ್ಯಾಪಿಗೆ ಒಪ್ಪಿದರೆ, ಅದು ಮುಗಿಯುವವರೆಗೆ ಬಾಯಿ ಬಿಡಬೇಡಿ. ಆರ್‌ಟಿಐ ಹಾಕಬೇಡಿ, ಸಕಾಲದ ಮೇಲ್ಮನವಿ ಬೇಡ, ಕೇಸ್ ವರ್ಕರ್ ಹತ್ತಿರ ದನಿ ಏರಿಸಬೇಡಿ, ಭಾವಮೈದನಿಗೂ ಹೇಳಬೇಡಿ. ಅಂಗಡಿಯವನು ಕೇಳಿದರೆ "ದುಡ್ಡು ಹೊಂದಿಸ್ತಾ ಇದ್ದೀನಿ" ಅನ್ನಿ. ಕೊಡುವ ನೋಟು ನಿಮ್ಮ ಸ್ವಂತ ಹಣ, ಅದು ಸಾಕ್ಷಿಯಾಗಿ ಜಪ್ತಿಯಾಗುತ್ತದೆ. ಅದನ್ನು ನಿಮಗೆ ಹೇಗೆ ಮರಳಿಸುತ್ತಾರೆ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ. ಟ್ರ್ಯಾಪ್ ಆದ ದಿನ ನಿಮ್ಮ ಮೂಲ ಫೈಲೂ ಪೊಲೀಸರ ವಶಕ್ಕೆ ಹೋಗುತ್ತದೆ. "ದೂರು ಕೊಟ್ಟರೆ ಖಾತೆ ಆಗಲ್ಲ" ಅನ್ನುವ ಮಾತಿನ ಹಿಂದೆ ಇರುವ ಸತ್ಯಾಂಶ ಇಷ್ಟೇ. ಅದಕ್ಕೂ ಮದ್ದಿದೆ. ಎಲ್ಲ ಕಾಗದದ ದೃಢೀಕೃತ ಪ್ರತಿಗಳ ಒಂದು ಸೆಟ್ ಮೊದಲೇ ಮಾಡಿಟ್ಟುಕೊಳ್ಳಿ. ಫೈಲಿನ ದೃಢೀಕೃತ ಪ್ರತಿಯನ್ನು ಕಚೇರಿಗೆ ಕಳಿಸಿ ಅಂತ ತನಿಖಾಧಿಕಾರಿಗೆ ಬರೆದುಕೊಡಿ, ಅದರ ಪ್ರತಿ ಹಿಡಿದು ಮೇಲಧಿಕಾರಿಯನ್ನು ನೋಡಿ. ನಾನು ಕಂಡ ಹಾಗೆ, ಟ್ರ್ಯಾಪ್ ಆದ ಕಚೇರಿಯಲ್ಲಿ ಆ ದೂರುದಾರನ ಫೈಲನ್ನು ಹಿಡಿದಿಟ್ಟುಕೊಳ್ಳಲು ಹೊಸದಾಗಿ ಬಂದವರು ಹೆದರುತ್ತಾರೆ. ಸ್ವಲ್ಪ ತಡವಾಗುತ್ತದೆ, ಆದರೆ ಆಗುತ್ತದೆ.

ಟ್ರ್ಯಾಪ್ ಬೇಡ ಅಂದರೆ ಆಗ ಗಲಾಟೆ ಮಾಡಿ. ಕಾಗದದ ಗಲಾಟೆ. "ನನ್ನ ಅರ್ಜಿಯಲ್ಲಿ ಯಾವ ದಾಖಲೆ ಕೊರತೆ ಇದೆ, ಲಿಖಿತವಾಗಿ ತಿಳಿಸಿ" ಅಂತ ಸಹಾಯಕ ಕಂದಾಯ ಅಧಿಕಾರಿಗೆ ಒಂದು ಪತ್ರ, ಸ್ಪೀಡ್ ಪೋಸ್ಟಿನಲ್ಲಿ. ನಿಮ್ಮ ಅರ್ಜಿಗೆ ಸಕಾಲದ ಹದಿನೈದಂಕಿ ನಂಬರ್ ಇದ್ದರೆ ಮೇಲ್ಮನವಿ. ಅದರ ಜೊತೆ ಹತ್ತು ರೂಪಾಯಿಯ ಒಂದು ಆರ್‌ಟಿಐ: ನನ್ನ ಅರ್ಜಿ ಯಾವ ದಿನದಿಂದ ಯಾವ ದಿನದವರೆಗೆ ಯಾರ ಬಳಿ ಇತ್ತು, ಪ್ರತಿಯೊಬ್ಬರೂ ಏನು ಟಿಪ್ಪಣಿ ಬರೆದರು. ಬೇರೆ ಏನೂ ಸೇರಿಸಬೇಡಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉದ್ದ ಬರೆದರೆ ಆ ನೆಪದಲ್ಲಿ ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ. ಎಷ್ಟೋ ಸಲ ಉತ್ತರದ ಬದಲು ಖಾತೆಯೇ ಬಂದದ್ದಿದೆ. ಈ ದಾರಿಯಲ್ಲಿ ಯಾರಾದರೂ ಜೈಲಿಗೆ ಹೋಗುವ ಸಾಧ್ಯತೆ ಕಡಿಮೆ, ನಿಮ್ಮ ಐದು ಸಾವಿರವೂ ಬೇಗ ವಾಪಸ್ ಬರುವುದಿಲ್ಲ. ಇದನ್ನು ಆರಿಸಿಕೊಂಡರೆ ನಾಚಿಕೆಪಡಬೇಕಾದ್ದೂ ಇಲ್ಲ.

ಮೂರನೇ ದಾರಿ, ಉಳಿದ ಮೂವತ್ತು ಸಾವಿರ ಕೊಟ್ಟು ಕೈ ತೊಳೆದುಕೊಳ್ಳುವುದು. ಅದರ ಬೆಲೆ ಬರೀ ಮೂವತ್ತು ಸಾವಿರ ಅಲ್ಲ. ದೂರು ಕೊಡದೆ ಏಳು ದಿನ ಕಳೆದರೆ, ಆಮೇಲೆ ನೀವು ಅವರ ವಿರುದ್ಧ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ನಿಮ್ಮ ತಪ್ಪನ್ನೂ ಒಪ್ಪಿಕೊಂಡ ಹಾಗೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಹಾಗೆ ಕೊಟ್ಟವರ ಹತ್ತಿರ "ಇನ್ನೊಂದು ಹತ್ತು ಬೇಕಿತ್ತು" ಅಂತ ಎರಡನೇ ಸಲ ಬಂದ ಕತೆ ನನ್ನ ಕಚೇರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಕೊನೆಗೆ ಅಮ್ಮನ ವಿಷಯ. ಅರ್ಜಿ ಅವರ ಹೆಸರಿನಲ್ಲಿದ್ದರೂ ಹಣ ಕೇಳಿದ್ದು ನಿಮ್ಮನ್ನು, ಕೊಟ್ಟದ್ದು ನೀವು. ದೂರು ನೀವೇ ಕೊಡಬಹುದು, ಮುಖ್ಯ ಸಾಕ್ಷಿ ನೀವೇ. "ನನ್ನ ಖಾತೆ ಅರ್ಜಿಯ ಕೆಲಸವನ್ನು ನನ್ನ ಮಗ ನೋಡಿಕೊಳ್ಳುತ್ತಾನೆ" ಅಂತ ಅವರಿಂದ ಒಂದು ಪತ್ರ ಬರೆಸಿ, ಸಹಿ ಹಾಕಿಸಿಕೊಳ್ಳಿ. ಶುಕ್ರವಾರ ಹೊರಡುವಾಗ ಆ ಪತ್ರ, ಅರ್ಜಿಯ ಸ್ವೀಕೃತಿ, ಯುಪಿಐ ಸ್ಟೇಟ್‌ಮೆಂಟಿನ ಪ್ರಿಂಟು, ರೆಕಾರ್ಡ್ ಇರುವ ಫೋನು, ಅದರ ಚಾರ್ಜರ್ ಇಷ್ಟು ಚೀಲಕ್ಕೆ ಹಾಕಿಕೊಳ್ಳಿ. ಅಂಬೇಡ್ಕರ್ ಬೀದಿಯ ಎಂ.ಎಸ್. ಬಿಲ್ಡಿಂಗ್‌ನಲ್ಲಿರುವ ಲೋಕಾಯುಕ್ತ ಕಚೇರಿಯಲ್ಲಿ ಪೊಲೀಸ್ ವಿಭಾಗ ಎಲ್ಲಿ ಅಂತ ಕೇಳಿ, ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಅಲ್ಲಿರಿ. ದೂರು ಬರೆಯುವುದಕ್ಕೇ ಅರ್ಧ ದಿನ ಹೋಗುತ್ತದೆ, ತಿಂಡಿ ತಿಂದುಕೊಂಡೇ ಹೋಗಿ.